ಎಲ್ಲವನ್ನೂ ನಂಬಿದ ದನಿ

ಮಾರ್ಚ್ ೪

ಪಿಟೀಲು,

ನಾನು ಇಲ್ಲಿ ಕ್ಷೇಮ. ಎಷ್ಟು ಕ್ಷೇಮ ಎಂದರೆ ಅರ್ಧ ನಿನಗೆ ಕಳಿಸಿಕೊಟ್ಟರೂ ನನಗೆ ಸಾಕಾಗಿ ಮಿಗುತ್ತದೆ.

ನೀನು ಹುಟ್ಟಿದಾಗ ಆಸ್ಪತ್ರೆಯ ಓಣಿಯುದ್ದಕ್ಕೂ ಕೇಳಿಸಿದ ಅಳು ಕೇಳಿ ನಿನಗೆ ಪಿಟೀಲು ಎಂದು ಹೆಸರಿಟ್ಟವನು ನಾನು. ನನ್ನ ತಂಗಿ, ಅಂದರೆ ನಿನ್ನ ತಾಯಿ, ಮೂತಿ ಉಬ್ಬಿಸಿಕೊಂಡಿದ್ದಳು. "ಸುಮ್ಮನಿರೇ, ಈ ದನಿ ಮುಂದೆ ಒಂದಿನ ಸರ್ಕಾರಕ್ಕೇ ಕೇಳಿಸುತ್ತೆ" ಎಂದಿದ್ದೆ. ಈಗ ಏನಾಯಿತು ನೋಡು.

ನಿನ್ನೆ ಬೆಳಿಗ್ಗೆ ಫೋನು ಬಡಿದುಕೊಂಡಿತು. ಎತ್ತಿದರೆ, "ನಮಸ್ಕಾರ. ಇದು ಆರೈಕೆ ಇಲಾಖೆಯ ಯಂತ್ರದ ದನಿ. ಹೇಗಿದ್ದೀರಿ?" ನೀನೇ! ನಾನು ಅಂದೆ: "ಏನೇ ಪಿಟೀಲು, ಮಾವನಿಗೆ ಬಹುವಚನ ಯಾವಾಗಿನಿಂದ?" ಅದು ಅಂದಿತು: "ದಯವಿಟ್ಟು ಹೌದು ಅಥವಾ ಇಲ್ಲ ಎಂದು ಹೇಳಿ." ಮಂಚದ ಮೇಲೆ ಮಲಗಿದ್ದ ನಿನ್ನ ಅತ್ತೆ ನಕ್ಕು ನಕ್ಕು ಕೆಮ್ಮಿದಳು. ಲಕ್ವ ಹೊಡೆದು ಎಡಭಾಗ ಬಿದ್ದುಹೋದ ಮೇಲೆ ಅವಳು ಹಾಗೆ ನಕ್ಕಿದ್ದು ಇದೇ ಮೊದಲು. ಅಷ್ಟು ಪುಣ್ಯ ನಿನ್ನ ಮಷೀನಿಗೆ.

ಇನ್ನು ಮುಂದೆ ನೀರಮ್ಮ ಬರುವುದಿಲ್ಲವಂತೆ, ಬದಲಿಗೆ ಈ ದನಿಯೇ ಫೋನು ಮಾಡುತ್ತದಂತೆ. ನೀರಮ್ಮ ಗೊತ್ತಲ್ಲ? ದಾದಿ ನಮ್ಮ ಮನೆಗೆ ದಿನಾ ಬರಬೇಕೋ ಬೇಡವೋ ಎಂದು ನೋಡಿಹೋಗಲು ಇಲಾಖೆ ಕಳಿಸುತ್ತಿದ್ದ ಅಧಿಕಾರಿ ಹೆಂಗಸು. ಬಂದವಳೇ ಕುರ್ಚಿ ಎಳೆದು ಕೂತು, "ಒಂದು ಲೋಟ ನೀರು ಕೊಡಿ" ಎನ್ನುವಳು. ಬಾಯಾರಿಕೆಯಿಂದಲ್ಲ. ನಾನು ಹೇಗೆ ಏಳುತ್ತೇನೆ, ಹೇಗೆ ನಡೆಯುತ್ತೇನೆ ಎಂದು ಅವಳ ಕಣ್ಣು ನನ್ನ ಮಂಡಿಯ ಮೇಲೇ. ನಾನು ಚಿಗರೆಯ ಹಾಗೆ ಹೋಗಿ ತರುತ್ತಿದ್ದೆ. ಸ್ವಲ್ಪ ಚೆಲ್ಲುತ್ತಿತ್ತು, ಅದು ಲೋಟದ ದೋಷ. ಅವಳು ನನ್ನ ಒಂದು ಮಾತನ್ನೂ ನಂಬಲಿಲ್ಲ. ನಾನು "ಇವಳನ್ನು ಒಂದೇ ಕೈಲಿ ಎತ್ತುತ್ತೀನಿ" ಎಂದರೆ ಅವಳು "ಆಯ್ತು ಆಯ್ತು" ಎನ್ನುತ್ತಾ ದಾದಿ ಬರಲೇಬೇಕು ಎಂದು ಬರೆದುಕೊಂಡು ಹೋಗುವಳು. ಅವಮಾನ!

ನಿನ್ನ ಮಷೀನು ಹಾಗಲ್ಲ. "ಮನೆಯವರನ್ನು ನೀವೊಬ್ಬರೇ ಹೊರಳಿಸಬಲ್ಲಿರಾ?" ಎಂದಿತು. ಗೂಡ್ಸ್ ಶೆಡ್ಡಿನಲ್ಲಿ ಹಮಾಲರ ಮೇಸ್ತ್ರಿಯಾಗಿದ್ದಾಗ ಬ್ಯಾಂಕಿನ ತಿಜೋರಿಯನ್ನು ನಾನೊಬ್ಬನೇ ವ್ಯಾಗನ್ನಿಗೆ ಏರಿಸಿದ ಕಥೆಯನ್ನು ಪೂರ್ತಿ ಹೇಳಿದೆ. ಅದು ಕೇಳಿಸಿಕೊಂಡು, "ಧನ್ಯವಾದ. ನಿಮ್ಮ ಉತ್ತರ ದಾಖಲಾಗಿದೆ" ಎಂದಿತು. ದಾಖಲಾಗಿದೆ! ನನ್ನ ಜನ್ಮದಲ್ಲಿ ನನ್ನ ಮಾತನ್ನು ಯಾರೂ ದಾಖಲು ಮಾಡಿದವರಿಲ್ಲ.

ನನ್ನ ಉತ್ತರಗಳು ನಿನ್ನ ಟೇಬಲ್ಲಿಗೇ ಬರುತ್ತವಲ್ಲ? ನಿನ್ನ ಸಾಹೇಬರು ನೋಡಲಿ, ಪಿಟೀಲಿನ ಮಾವ ಎಂಥವನು ಅಂತ.

ಅತ್ತೆ ಏನೋ ಬರೆಸುತ್ತಿದ್ದಾಳೆ: "ಗೂಡ್ಸ್ ಶೆಡ್ಡು ಬಿಟ್ಟರೂ ಇವರು ರೈಲು ಬಿಡೋದು ಬಿಟ್ಟಿಲ್ಲ ಅಂತ ಬರೀರಿ." ಬರೆದಿದ್ದೇನೆ. ನಾನು ನ್ಯಾಯವಂತ.

ನಿನ್ನ ಮಾವ,
ಮಾಜಿ ಮೇಸ್ತ್ರಿ, ಹಾಲಿ ಹುಲಿ

---

ಮಾರ್ಚ್ ೧೬

ಮಾವ,

ನಿನ್ನ ಕಾಗದ ಓದಿ ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಪಕ್ಕದಲ್ಲಿದ್ದವರು ಎದ್ದು ಬೇರೆ ಸೀಟಿಗೆ ಹೋದರು.

ಮೊದಲೇ ಹೇಳಬೇಕಿತ್ತು, ಚಕಿತಗೊಳಿಸೋಣ ಅಂತ ಸುಮ್ಮನಿದ್ದೆ. ಕಚೇರಿಯಲ್ಲಿ ಎಲ್ಲರ ದನಿ ಪರೀಕ್ಷೆ ಮಾಡಿದರು. ನಿರ್ದೇಶಕರು ನನ್ನದನ್ನು ಆರಿಸಿ, "ಇದು ಅಧಿಕಾರಿಯ ದನಿಯಲ್ಲ, ಮನೆಮಗಳ ದನಿ. ಮುದುಕರು ಫೋನು ಇಡಲ್ಲ" ಎಂದರು. ಗೋಡೆಗೆಲ್ಲ ಸ್ಪಂಜು ಹೊದಿಸಿದ ಪುಟ್ಟ ಕೋಣೆಯಲ್ಲಿ ಕೂರಿಸಿ ಸಾವಿರಾರು ವಾಕ್ಯ ಓದಿಸಿದರು. ಇನ್ನು ನಾನು ಓದದ ಮಾತನ್ನೂ ಅದು ನನ್ನ ದನಿಯಲ್ಲಿ ಆಡುತ್ತದೆ. ಒಮ್ಮೊಮ್ಮೆ ಕೇಳಿಸಿಕೊಂಡರೆ ಮೈ ಜುಮ್ಮೆನ್ನುತ್ತದೆ.

ಯಾವ ಮನೆಗೆ ದಾದಿ ಎಷ್ಟು ಹೊತ್ತು ಹೋಗಬೇಕು ಎಂದು ಉತ್ತರಗಳನ್ನು ನೋಡಿ ಅದು ಹೇಳುತ್ತದೆ. ದಾದಿಯರು ಕಡಿಮೆ, ಮಲಗಿದವರು ಹೆಚ್ಚು. ಬೇಡವಾದಲ್ಲಿ ಹೋಗುವುದು ತಪ್ಪಿದರೆ ಬೇಕಾದಲ್ಲಿಗೆ ಹೋಗಬಹುದು. ಒಳ್ಳೆಯದಕ್ಕೇ ಮಾಡಿರುವುದು, ಮಾವ. ಉತ್ತರಗಳೆಲ್ಲ ನಮ್ಮ ಕಚೇರಿಗೇ ಬರುತ್ತವೆ.

ಒಂದು ಮಾತು. ಕರೆಯ ಕೊನೆಯಲ್ಲಿ "ಮನುಷ್ಯರ ಜೊತೆ ಮಾತಾಡಬೇಕಿದ್ದರೆ ಈಗ ಹೇಳಿ" ಎಂಬ ವಾಕ್ಯವಿದೆ. ಕೇಳಿದೆಯಾ? ನಾನು ಅದನ್ನು ಮೊದಲಿಗೇ ಹಾಕಿ ಅಂದಿದ್ದೆ. ಕರೆ ಉದ್ದವಾಗುತ್ತದೆ ಅಂತ ಕೊನೆಗೆ ತಳ್ಳಿದ್ದಾರೆ.

ನಿನ್ನ ಕಾಗದವನ್ನು ಸಭೆಯಲ್ಲಿ ಓದಿದೆ. ಹುಲಿ ಎಂಬಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನಿರ್ದೇಶಕರು ಒಂದು ಪ್ರತಿ ಇಟ್ಟುಕೊಂಡಿದ್ದಾರೆ.

ನಿನ್ನ,
ಪಿಟೀಲು

---

ಏಪ್ರಿಲ್ ೩

ಪಿಟೀಲು,

ನಾನು ಕ್ಷೇಮ, ಅತ್ತೆ ಅದಕ್ಕಿಂತ ಕ್ಷೇಮ.

ಸಭೆಯಲ್ಲಿ ಚಪ್ಪಾಳೆಯೇ? ಕೆಳಗಿನ ಕ್ಷೌರದಂಗಡಿಯವನಿಗೆ ಹೇಳಿದೆ. ನಂಬಲಿಲ್ಲ. ನಿನ್ನ ಕಾಗದ ತೋರಿಸಿದೆ. ಆಗ ಬಾಯಿ ಮುಚ್ಚಿಕೊಂಡು, ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿಯನ್ನು ಹಾಗೇ ಬಿಟ್ಟು ನನಗೆ ಕುರ್ಚಿ ಹಾಕಿದ.

ನೀನು ಹೇಳಿದ ಕೊನೆಯ ವಾಕ್ಯ ನನಗೆ ಕೇಳಿಸಿಲ್ಲ. ಧನ್ಯವಾದ ಎಂದ ಕೂಡಲೇ ಇಟ್ಟುಬಿಡುತ್ತೇನೆ. ಹೆಣ್ಣುಮಗಳು ಧನ್ಯವಾದ ಹೇಳಿದ ಮೇಲೂ ಫೋನು ಹಿಡಿದು ನಿಲ್ಲುವುದು ಗಂಡಸಿನ ಲಕ್ಷಣವಲ್ಲ. ಅಲ್ಲದೆ ನೀನೇ ಮಾತಾಡುತ್ತಿರುವಾಗ ಇನ್ನಾವ ಮನುಷ್ಯರು ಬೇಕು?

ದೊಡ್ಡ ಸುದ್ದಿ. ಇಲಾಖೆ ನಮಗೆ ಪ್ರಶಸ್ತಿ ಕೊಟ್ಟಿದೆ. ಮುದ್ರೆ ಒತ್ತಿದ ಕಾಗದ. "ನಿಮ್ಮ ಮನೆಯನ್ನು ಸ್ವಾವಲಂಬಿ ಮನೆ ಎಂದು ಗುರುತಿಸಲಾಗಿದೆ" ಎಂದಿದೆ. ಆರನೆಯ ತರಗತಿಯಲ್ಲಿ ಹಳ್ಳಿಯ ಮೇಷ್ಟ್ರು ದುಂಡಾದ ಅಕ್ಷರಕ್ಕೆಂದು ಒಂದು ಪೆನ್ಸಿಲು ಕೊಟ್ಟ ಮೇಲೆ ನನಗೆ ಬಂದ ಎರಡನೆಯ ಬಹುಮಾನ ಇದು. ಅಂಟು ಹಚ್ಚಿ ಗೋಡೆಗೆ ಅಂಟಿಸಿದ್ದೇನೆ. ಅದರ ಕೆಳಗೆ ಸಣ್ಣಕ್ಷರದಲ್ಲಿ ಇನ್ನೂ ಏನೇನೋ ಇತ್ತು. ದಾದಿಗೆ ಇನ್ನು ನಮ್ಮ ಮನೆಯ ಕೆಲಸ ಇರುವುದಿಲ್ಲವಂತೆ. ಒಳ್ಳೆಯದೇ ಆಯಿತು. ಬೆಳಬೆಳಿಗ್ಗೆ ಬಂದು "ಅಜ್ಜ, ಆ ಕಡೆ ಸರೀರಿ" ಎಂದು ನನ್ನನ್ನು ನನ್ನ ಮನೆಯಲ್ಲೇ ಮೂಲೆಗೆ ದೂಡುತ್ತಿದ್ದಳು. ಹೋಗುವಾಗ ಅತ್ತೆಯ ಕೈ ಹಿಡಿದುಕೊಂಡು ಅತ್ತಳು. ನನಗೆ ಅಳುಬುರುಕರನ್ನು ಕಂಡರಾಗದು.

ಅವಳ ಕೆಲಸ ಈಗ ನನ್ನ ಕ್ರೇನು ಮಾಡುತ್ತದೆ. ಹೌದು, ಕ್ರೇನು! ಹಾಸಿಗೆಯ ಮೇಲೆ ಸೂರಿನ ಕಬ್ಬಿಣದ ತೊಲೆ ಇದೆಯಲ್ಲ, ಅದಕ್ಕೆ ರಾಟೆ ಸಿಕ್ಕಿಸಿ, ಗೂಡ್ಸ್ ಶೆಡ್ಡಿನ ಹಳೆಯ ಹಗ್ಗ ಹಾಕಿ, ಟಾರ್ಪಾಲಿನಲ್ಲಿ ಜೋಲಿ ಹೊಲಿದಿದ್ದೇನೆ. ಜೋಲಿ ಅತ್ತೆಯ ಬೆನ್ನಡಿಗೇ ಇರುತ್ತದೆ. ನಾನು ಹಗ್ಗ ಎಳೆದರೆ ಮಹಾರಾಣಿಯ ಹಾಗೆ ಮೇಲೇಳುತ್ತಾಳೆ. ಸೀರೆ ಬದಲಾಯಿಸು, ಚಾದರ ಬದಲಾಯಿಸು, ಇಳಿಸು. ಮೊದಲ ದಿನ ಅವಳು, "ನನ್ನನ್ನ ಅಕ್ಕಿಮೂಟೆ ಅಂದ್ಕೊಂಡ್ರಾ?" ಎಂದು ಬೈದಳು. "ಮೂಟೆಯಾಗಿದ್ದರೆ ಬೈಯುತ್ತಿರಲಿಲ್ಲ" ಎಂದೆ.

ನಿನ್ನ ದನಿ ಮತ್ತೆ ಕರೆದಾಗ ಕ್ರೇನಿನ ಬಗ್ಗೆ ಹೇಳಿದೆ. ದಾಖಲಾಯಿತು.

ಹಾಲಿ ಹುಲಿ

---

ಏಪ್ರಿಲ್ ೨೨

ಮಾವ,

ಸ್ವಾವಲಂಬಿ ಪಟ್ಟಿಗೆ ಬಂದಿದ್ದೀರಾ? ಓದಿ ಕಣ್ಣಲ್ಲಿ ನೀರು ಬಂತು. ಅತ್ತೆ ಅಷ್ಟು ಸುಧಾರಿಸಿದ್ದಾಳೆ ಅಂತ ನನಗೆ ಗೊತ್ತೇ ಇರಲಿಲ್ಲ. ಕ್ರೇನು ಗೀನು ನಿನ್ನ ತಿಜೋರಿಯ ಥರದ್ದೇ ಕಥೆ ಅಂತ ಗೊತ್ತು ಬಿಡು. ಎಡಗೈ ಆಡುತ್ತಿದೆಯಾ? ಕೂರುತ್ತಾಳಾ? ಹಬೆಯಾಡುವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಊದಿ ಊದಿ ಕುಡಿಯುತ್ತಿದ್ದಳಲ್ಲ, ಅದನ್ನು ಮತ್ತೆ ನೋಡಬೇಕು. ಅವಳ ಕೈಯಲ್ಲೇ ಎರಡು ಸಾಲು ಬರೆಸಿ ಕಳಿಸು.

ಇಲ್ಲಿ ಉಸಿರಾಡಲು ಬಿಡುವಿಲ್ಲ. ಇಷ್ಟು ದಿನ ನಿಮ್ಮ ಕಡೆ ಮಾತ್ರ ಪ್ರಯೋಗ ನಡೆದಿತ್ತು. ಇದೀಗ ಎಲ್ಲ ಕಡೆಗೂ ವಿಸ್ತರಿಸುವ ವರದಿ ತಯಾರಾಗುತ್ತಿದೆ. ಸ್ವಾವಲಂಬಿ ಮನೆಗಳು ಇಷ್ಟು ಬೇಗ ಹೆಚ್ಚಿದ್ದನ್ನು ಕಂಡು ಮೇಲಿನವರು ಬಹಳ ಖುಷಿಯಾಗಿದ್ದಾರೆ. ವರದಿಯ ಮೊದಲ ಪುಟದಲ್ಲೇ ನಿನ್ನ ಮಾತು ಹಾಕಿದ್ದೇವೆ: "ನನ್ನ ಜನ್ಮದಲ್ಲಿ ನನ್ನ ಮಾತನ್ನು ಯಾರೂ ದಾಖಲು ಮಾಡಿದವರಿಲ್ಲ." ಹೆಸರು ಹಾಕಿಲ್ಲ, 'ಒಬ್ಬ ಹಿರಿಯರು' ಅಂತಿದೆ.

ಒಂದೇ ಒಂದು ವಿಷಯ ಅರ್ಥವಾಗಲಿಲ್ಲ. ಹೆಂಡತಿಯನ್ನು ನೋಡಿಕೊಳ್ಳುವ ಮುದಿ ಗಂಡಂದಿರ ಮನೆಗಳೇ ಆ ಪಟ್ಟಿಯಲ್ಲಿ ಜಾಸ್ತಿ. ನಿರ್ದೇಶಕರನ್ನು ಕೇಳಿದೆ. "ಗಂಡಸರು ಗಟ್ಟಿ, ಅಷ್ಟೆ" ಎಂದು ನಕ್ಕರು. ನಾನೂ ನಕ್ಕೆ.

ಅತ್ತೆಯ ಎರಡು ಸಾಲು ಮರೆಯಬೇಡ.

ಪಿಟೀಲು

---

ಮೇ ೧೦

ಪಿಟೀಲು,

ಕ್ಷೇಮ.

ಅತ್ತೆಯ ಸಾಲುಗಳನ್ನು ಮುಂದಿನ ಸಲ ಕಳಿಸುತ್ತೇನೆ. ಅವಳಿಗೆ ಈಗ ನಿದ್ದೆ ಜಾಸ್ತಿ. ನಿದ್ದೆ ಬಂದರೆ ಆರೋಗ್ಯ ಎಂದು ಎಲ್ಲರಿಗೂ ಗೊತ್ತಿರುವುದೇ.

ಲಿಫ್ಟು ಮತ್ತೆ ಕೆಟ್ಟಿದೆ. ಮೂರನೆಯ ಮಹಡಿಗೆ ಸಾಮಾನು ಹೊತ್ತು ತರುವಾಗ ಅಲ್ಲಲ್ಲಿ ನಿಂತು ಅಕ್ಕಪಕ್ಕದವರ ಕ್ಷೇಮ ವಿಚಾರಿಸುತ್ತೇನೆ. ನಿಲ್ಲುವುದು ದಣಿವಿಗಲ್ಲ, ಸೌಜನ್ಯಕ್ಕೆ. ಮನೆಯಲ್ಲಿ ಏನೋ ವಾಸನೆ. ಬಚ್ಚಲಿನ ಕೊಳವೆ ಕಟ್ಟಿರಬೇಕು. ಕಡ್ಡಿ ಹಾಕಿ ಚುಚ್ಚಿದೆ, ಬಿಸಿನೀರು ಸುರಿದೆ, ಹೋಗಲಿಲ್ಲ. ಕಿಟಕಿ ತೆರೆದಿಟ್ಟಿದ್ದೇನೆ.

ಕ್ರೇನು ಚೆನ್ನಾಗಿದೆ. ನನ್ನ ಬಲ ಭುಜ ಸ್ವಲ್ಪ ಮುನಿಸಿಕೊಂಡಿದೆ, ಹಾಗಾಗಿ ದಿನಕ್ಕೆ ಒಂದೇ ಸಲ ಎತ್ತುತ್ತೇನೆ. ಎತ್ತುವಾಗ ಅವಳು ಕಣ್ಣು ಮುಚ್ಚಿ ಹಲ್ಲು ಕಚ್ಚುತ್ತಾಳೆ. ಎತ್ತರಕ್ಕೆ ಹೆದರುವವಳು, ಮೊದಲಿನಿಂದಲೂ.

ನಿನ್ನ ದನಿ ಹೊಸ ಪ್ರಶ್ನೆ ಕೇಳಿತು: "ಬೆನ್ನಿನ ಮೇಲೆ, ಸೊಂಟದ ಮೇಲೆ ಕೆಂಪು ಕಲೆ ಅಥವಾ ಗಾಯ ಇದೆಯಾ?" ಇಲ್ಲ ಎಂದೆ. ಬೆನ್ನು ಜೋಲಿಯ ಕಡೆಗಿರುತ್ತದೆ. ಹಗ್ಗ ಹಿಡಿದವನು ಕೆಳಗೆ ಬಗ್ಗಿ ನೋಡುವುದು ಹೇಗೆ? ಆದರೆ ಗೊತ್ತಿಲ್ಲ ಎಂದರೆ ನಿನ್ನ ಸಾಹೇಬರ ಮುಂದೆ ನಿನಗೆ ಏನು ಮರ್ಯಾದೆ? ಪಿಟೀಲಿನ ಮಾವನಿಗೆ ಹೆಂಡತಿಯ ಬೆನ್ನೂ ಗೊತ್ತಿಲ್ಲ ಎನ್ನುವುದಿಲ್ಲವೇ?

ಆ ದಿನ ನಿನ್ನ ದನಿ ಬಳಲಿದ ಹಾಗಿತ್ತು. ನೆಗಡಿಯಾ? ಕಷಾಯ ಕುಡಿ.

ಅತ್ತೆ ಎಚ್ಚರಾಗಿದ್ದಾಳೆ. "ಅವಳಿಗೆ ಬರೀರಿ" ಅನ್ನುತ್ತಿದ್ದಾಳೆ. ಏನು ಬರೆಯಬೇಕು ಎಂದು ಕೇಳಿದರೆ ನನ್ನನ್ನೇ ನೋಡುತ್ತಾಳೆ. ಪೆನ್ನಿನಲ್ಲಿ ಮಸಿ ಮುಗಿಯುತ್ತಾ ಬಂತು.

ನಿನ್ನ ಮಾವ

---

ಮೇ ೧೬

ಮಾವ,

ಈ ಕಾಗದ ತಲುಪುವುದಕ್ಕೆ ಮೊದಲೇ ನೀರಮ್ಮ ನಿನ್ನ ಮನೆಗೆ ಬರುತ್ತಾಳೆ. ಬಾಗಿಲು ತೆಗೆ. ದಯವಿಟ್ಟು ತೆಗೆ.

ನಿನ್ನ ಕಾಗದ ನೋಡಿದ ಕೂಡಲೇ ಕಚೇರಿಯಿಂದಲೇ ಫೋನು ಮಾಡಿದೆ. "ಹಲೋ, ಹೇಗಿದ್ದೀ" ಅನ್ನುವಷ್ಟರಲ್ಲಿ ನೀನು ಪಾಠ ಒಪ್ಪಿಸಿದ ಹಾಗೆ ಶುರು ಮಾಡಿದೆ: "ಹೌದು. ಹೌದು. ಗಾಯ ಇಲ್ಲ. ಊಟ ಮಾಡ್ತಾಳೆ. ಹೌದು, ನಾನೊಬ್ಬನೇ ಹೊರಳಿಸ್ತೀನಿ. ಬರ್ಕೊಂಡೆಯಾ? ಧನ್ಯವಾದ." ಇಟ್ಟುಬಿಟ್ಟೆ.

ನಾನು ಮತ್ತೆ ಫೋನು ಮಾಡಿದೆ. "ಮಾವ, ನಾನೇ, ನಿಜವಾದ ನಾನು" ಎಂದೆ. ನೀನು ನಕ್ಕೆ. "ಹೀಗೂ ಹೇಳೋಕೆ ಕಲಿಸಿಬಿಟ್ರಾ? ಭಲೇ!" ಎಂದೆ. ಮತ್ತೆ ಇಟ್ಟುಬಿಟ್ಟೆ. ಆಮೇಲೆ ಎತ್ತಲೇ ಇಲ್ಲ.

ಫೋನು ಕೈಯಲ್ಲಿ ಹಿಡಿದು ಕಚೇರಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನನ್ನದೇ ದನಿಯಲ್ಲಿ ನಾನು ಹೇಳಿದರೂ ನೀನು ನಂಬಲಿಲ್ಲ. ಆಗ ಹೊಳೆಯಿತು. ಇಷ್ಟು ದಿನ ನೀನು ಇಲಾಖೆಗೆ ಉತ್ತರ ಕೊಟ್ಟಿದ್ದೇ ಇಲ್ಲ. ನನಗೆ ಕೊಟ್ಟಿದ್ದೆ. ದೂರದಲ್ಲಿರುವ ಹುಡುಗಿ ಗಾಬರಿಯಾಗದಿರಲಿ ಅಂತ.

ನಿನ್ನ ಕರೆಗಳ ಧ್ವನಿಮುದ್ರಣ ತೆಗೆಸಿ ಕೇಳಿದೆ. ಉತ್ತರಗಳು ಕಚೇರಿಗೇ ಬರುತ್ತವೆ ಅಂತ ಬರೆದಿದ್ದೆನಲ್ಲ? ಬರುತ್ತವೆ, ಮಾವ. ಕೇಳುವವರು ಯಾರೂ ಇಲ್ಲ. ಯಂತ್ರ ಹೌದು ಇಲ್ಲಗಳನ್ನು ಆರಿಸಿಕೊಂಡು ತೀರ್ಪು ಕೊಡುತ್ತದೆ, ಮುದ್ರೆ ಒತ್ತಿದ ಕಾಗದ ತಾನಾಗಿಯೇ ಹೊರಡುತ್ತದೆ. ಇದು ನನಗೆ ಆಗಲೇ ಗೊತ್ತಿತ್ತು. ನಿನಗೆ ಬರೆಯಲಿಲ್ಲ.

ಮೊದಲ ಕರೆಯಲ್ಲಿ ನೀನು ಬಹುವಚನದ ಮಾತೆತ್ತಿದಾಗ ಹಿಂದಿನಿಂದ ಅತ್ತೆ ನಗುತ್ತಾಳೆ. ಎರಡನೆಯದರಲ್ಲಿ, ನೀನು ಕ್ರೇನು ಎನ್ನುವಾಗ, "ಸುಳ್ಳು ಹೇಳಬೇಡಿ, ನೋಯುತ್ತೆ ಅನ್ನಿ" ಅನ್ನುತ್ತಾಳೆ. ಮೂರನೆಯದರಲ್ಲಿ "ದಾದೀನ ಕರೀರಿ" ಅನ್ನುತ್ತಾಳೆ. ಸ್ಪಷ್ಟವಾಗಿ ಕೇಳುತ್ತದೆ. ಪರದೆಯ ಮೇಲೆ ಆ ಜಾಗದಲ್ಲಿ 'ಹಿನ್ನೆಲೆ ಸದ್ದು, ಕಡೆಗಣಿಸಲಾಗಿದೆ' ಅಂತಿದೆ. ಅವಳು ಹೇಳುತ್ತಲೇ ಇದ್ದಾಳೆ, ನನ್ನ ದನಿ ಅವಳ ಮೇಲೆ "ಧನ್ಯವಾದ, ದಾಖಲಾಗಿದೆ" ಅನ್ನುತ್ತಿದೆ.

ಮನುಷ್ಯರು ಹೋಗಿ ಕಣ್ಣಾರೆ ನೋಡದೆ ಯಾವ ಮನೆಯ ದಾದಿಯನ್ನೂ ತೆಗೆಯಬಾರದು ಅಂತ ನಾನು ಮೊದಲ ಕರಡಿನಲ್ಲಿ ಬರೆದಿದ್ದೆ. "ಹಾಗಾದರೆ ಯಂತ್ರ ಯಾಕೆ?" ಎಂದು ನಿರ್ದೇಶಕರು ಆ ಸಾಲು ಹೊಡೆದುಹಾಕಿದರು. ಅದೇ ವಾರ ನನ್ನ ದನಿ ಆಯ್ಕೆಯಾಗಿತ್ತು. ನಾನು ಉಬ್ಬಿಹೋಗಿದ್ದೆ, ವಾದ ಮಾಡಲಿಲ್ಲ. ಸಹಿ ಹಾಕಿದೆ.

ನೀರಮ್ಮನನ್ನು ನಮ್ಮ ಕಚೇರಿಯ ಕಡತಗಳ ಕೋಣೆಗೆ ಹಾಕಿದ್ದರು. ಹೋಗಿ ಹೇಳಿದೆ. ಕೈಚೀಲ ತೆಗೆದುಕೊಂಡು ಎದ್ದಳು. ನಾನೂ ರಜೆ ಹಾಕಿ ಬರುತ್ತಿದ್ದೇನೆ. ಜೋಲಿ ಬಿಚ್ಚು. ಹಗ್ಗ ಎಳೆಯಬೇಡ.

ಪಿಟೀಲು, ನಿಜವಾದವಳು

---

ಮೇ ೧೮

ಪಿಟೀಲು,

ನೀನು ದಾರಿಯಲ್ಲಿರುತ್ತೀಯ, ಈ ಕಾಗದ ಖಾಲಿ ಮನೆಗೆ ಹೋಗಿ ಬೀಳುತ್ತದೆ. ಆದರೂ ಬರೆಯುತ್ತಿದ್ದೇನೆ. ಆಸ್ಪತ್ರೆಯ ಬೆಂಚಿನಲ್ಲಿ ಬೇರೇನು ಕೆಲಸ?

ನೀರಮ್ಮ ಬಂದಳು. ಕೂತಳು. "ಒಂದು ಲೋಟ ನೀರು ಕೊಡಿ" ಎಂದಳು. ಎದ್ದೆ. ಅಡುಗೆಮನೆಯ ಬಾಗಿಲವರೆಗೆ ಹೋದೆ. ಚೌಕಟ್ಟು ಹಿಡಿದು ನಿಂತೆ. ಅವಳು ಬಂದು ನನ್ನ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿ, ನೀರು ತಾನೇ ತಂದು ನನಗೇ ಕುಡಿಸಿದಳು. "ವಾಸನೆ ಬಚ್ಚಲಿನದಲ್ಲ ಯಜಮಾನರೇ" ಎಂದಳು. ಮೆಲ್ಲಗೇ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ಅತ್ತೆಯ ಮಗ್ಗುಲು ಹೊರಳಿಸಿ ಜೋಲಿ ಬಿಡಿಸಿದಳು. ಟಾರ್ಪಾಲಿನ ಹೊಲಿಗೆ ಬೆನ್ನಿಗೆ ಬರುವ ಕಡೆ ಇತ್ತು. ನಾನು ದಪ್ಪ ದಾರದಲ್ಲಿ ಗಟ್ಟಿಯಾಗಿ ಹೊಲಿದಿದ್ದೆ.

ನಾನು ನೋಡಿದೆ. ಅದನ್ನು ಬರೆಯುವುದಿಲ್ಲ.

ದಾದಿಯನ್ನು ಇವತ್ತೇ ವಾಪಸು ಕೊಟ್ಟಿದ್ದಾರಂತೆ. ಅವಳು ಆಸ್ಪತ್ರೆಗೇ ಓಡಿ ಬಂದಿದ್ದಾಳೆ. ವೈದ್ಯರು ಹುಣ್ಣಿನ ವಿಷ ರಕ್ತಕ್ಕೆ ಸೇರಿದೆ ಎನ್ನುತ್ತಾರೆ. ನಾನು ಅವರಿಗೆ, "ಇವಳು ಗಟ್ಟಿ ಹೆಂಗಸು, ನಾಡಿದ್ದು ಎದ್ದು ಓಡಾಡ್ತಾಳೆ ನೋಡ್ತಿರಿ" ಎಂದೆ. ಅವರೂ ನೀರಮ್ಮನ ಹಾಗೆಯೇ. ನಂಬಲಿಲ್ಲ.

ಬೇಗ ಬಾ.

---

ಜುಲೈ ೭

ಮಾವ,

ಅತ್ತೆ ಹೋಗಿ ಅವಳ ಕಾರ್ಯ ಮುಗಿದ ಮೇಲೆ ಅಷ್ಟು ದಿನ ನಿನ್ನ ಮನೆಯಲ್ಲಿದ್ದರೂ ನಾವು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನೀನು ಕ್ಷೌರದಂಗಡಿಯವನ ಕಥೆ ಹೇಳಿದೆ, ನಾನು ಪಾತ್ರೆ ತೊಳೆದೆ. ನಾನು ಅಡುಗೆಮನೆಯಿಂದ "ಮಾವ" ಎಂದು ಕರೆದಾಗಲೆಲ್ಲ ನೀನು ಬೆಚ್ಚಿ ಫೋನಿನ ಕಡೆ ನೋಡುತ್ತಿದ್ದೆ. ನಾನು ಅದನ್ನು ಕಂಡೆ. ಕಾಣದವಳ ಹಾಗಿದ್ದೆ. ಬೈದುಬಿಡು, ಮಾವ. ಕಾಗದದಲ್ಲಾದರೂ ಬೈ.

ಒಂದು ಕೇಳಬೇಕಿದೆ. ಇಷ್ಟು ಕೇಳುವ ಮುಖ ನನಗಿಲ್ಲ.

ಯಂತ್ರವನ್ನು ಎಲ್ಲ ಕಡೆಗೂ ವಿಸ್ತರಿಸಬೇಕೋ ಬೇಡವೋ ಎಂದು ನಿರ್ಧರಿಸುವ ಸಭೆ ಹತ್ತಿರ ಬಂದಿದೆ. ಯಂತ್ರವನ್ನು ಬಿಸಾಕಿ ಎಂದು ನಾನು ಹೇಳುವುದಿಲ್ಲ. ದಾದಿಯರು ಕಡಿಮೆ ಎಂಬುದು ಸುಳ್ಳಲ್ಲ. ಅದು ಕೇಳಲಿ, ಬರೆದುಕೊಳ್ಳಲಿ, ಯಾರ ಮನೆಗೆ ಮೊದಲು ಹೋಗಬೇಕು ಎಂದು ತೋರಿಸಲಿ. ಆದರೆ ಕೊಟ್ಟಿದ್ದನ್ನು ಕಿತ್ತುಕೊಳ್ಳುವ ಮುಂಚೆ ಒಬ್ಬ ಮನುಷ್ಯ ಆ ಮನೆಯ ಕುರ್ಚಿಯಲ್ಲಿ ಕೂರಬೇಕು. ತಪ್ಪಾದರೆ ಯಾರ ಸಹಿ ಎಂದು ಗೊತ್ತಿರಬೇಕು. ಮನುಷ್ಯರ ಜೊತೆ ಮಾತಾಡಬೇಕೇ ಎಂಬ ಪ್ರಶ್ನೆ ಮೊದಲು ಬರಬೇಕು, ಕೊನೆಗಲ್ಲ. ಇವಿಷ್ಟನ್ನು ಬರೆದು ಕೊಟ್ಟಿದ್ದೇನೆ. "ಒಂದು ಮನೆಯ ಕಥೆ ಇಟ್ಟುಕೊಂಡು ಇಡೀ ಯೋಜನೆ ತಡೆಯಬೇಡಮ್ಮ" ಎಂದರು ನಿರ್ದೇಶಕರು. ಕೆಟ್ಟವರಲ್ಲ. ಅವರು ಯಾವ ಕರೆಯನ್ನೂ ಕೇಳಿಲ್ಲ, ಅಷ್ಟೆ.

ನಿನ್ನ ಕರೆಗಳನ್ನು ಆ ಸಭೆಯಲ್ಲಿ ಕೇಳಿಸಲಾ? ನಿನ್ನ ಜಂಬವೆಲ್ಲ ಅಲ್ಲಿರುತ್ತದೆ. ತಿಜೋರಿ, ಕ್ರೇನು, ಎಲ್ಲ. ಮೊದಲು ನಗುತ್ತಾರೆ. ಆಮೇಲೆ ಅತ್ತೆ ಮಾತಾಡುತ್ತಾಳೆ. ನೀನು ಬೇಡ ಎಂದರೆ ಆ ಮುದ್ರಣವನ್ನು ಮತ್ತೆ ಯಾರೂ ಮುಟ್ಟುವುದಿಲ್ಲ. ನಿನ್ನ ಒಪ್ಪಿಗೆ ಕೇಳದೆ ನಿನ್ನ ಒಂದು ಮಾತನ್ನೂ ಇನ್ನು ಎಲ್ಲಿಯೂ ಹಾಕುವುದಿಲ್ಲ.

ಪಿಟೀಲು

---

ಜುಲೈ ೨೦

ಪಿಟೀಲು,

ಕ್ಷೇಮ ಎಂದು ಬರೆಯಲು ಪೆನ್ನು ಮುಂದಕ್ಕೆ ಹೋಗುತ್ತಿಲ್ಲ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ಬೈಯಲು ಹೇಳಿದ್ದೀಯ. ಕೂತು ಯೋಚಿಸಿದೆ. ನಿನ್ನನ್ನು ಬೈಯಲು ಹೋದರೆ ಬೈಗುಳ ಅರ್ಧ ದಾರಿಯಲ್ಲೇ ನನ್ನ ಕಡೆ ತಿರುಗುತ್ತದೆ. ಬಿಟ್ಟುಬಿಟ್ಟೆ.

ಕೇಳಿಸು. ನನ್ನ ಹೆಸರು ಹಾಕಿಯೇ ಕೇಳಿಸು. 'ಒಬ್ಬ ಹಿರಿಯರು' ಎಂದೆಲ್ಲ ಮುಸುಕು ಹಾಕಬೇಡ. ಇಡೀ ನಾಡಿನ ನಿಯಮ ಬದಲಾಗುವ ಹಾಗೆ ಸುಳ್ಳು ಹೇಳಿದವನು ನಮ್ಮ ವಂಶದಲ್ಲಿ ಇನ್ನೊಬ್ಬನಿಲ್ಲ. ನಗುವವರು ನಗಲಿ. ಆದರೆ ಅತ್ತೆ ಮಾತಾಡುವಾಗ ಯಾರೂ ಕುರ್ಚಿ ಎಳೆಯಬಾರದು, ಲೋಟ ಸದ್ದು ಮಾಡಬಾರದು. ಅವಳ ಮಾತನ್ನು ಹಿನ್ನೆಲೆ ಸದ್ದು ಎಂದು ಬರೆದುಕೊಂಡ ಯಂತ್ರಕ್ಕೆ ಯಾರಾದರೂ ತಿಳಿಸಿ ಹೇಳಿ, ಆ ಮನೆಯಲ್ಲಿ ಬರೀ ಸದ್ದು ಮಾಡುತ್ತಿದ್ದವನು ನಾನು. ಮಾತಾಡುತ್ತಿದ್ದವಳು ಅವಳು.

ಸಭೆ ಮುಗಿದ ಮೇಲೆ ಅವಳು ನಗುವ ತುಂಡಷ್ಟನ್ನು ನನಗೆ ಕಳಿಸಿಕೊಡು. ಬಹುವಚನ ಕೇಳಿ ನಕ್ಕಳಲ್ಲ, ಅದು. ಉಳಿದದ್ದು ಬೇಡ.

ನಿನ್ನ ಪಟ್ಟಿಗೆ ನನ್ನದೂ ಒಂದು ಸೇರಿಸು. ದನಿ ಬದಲಾಯಿಸಿ. ನಿನ್ನ ದನಿ ಬೇಡ, ಯಾರ ಮನೆಮಗಳ ದನಿಯೂ ಬೇಡ. ಗಂಟಲು ಕಟ್ಟಿದ ಗುಮಾಸ್ತನ ದನಿ ಹಾಕಿ, ಕೇಳಿದರೆ ಸಿಟ್ಟು ಬರುವಂಥದ್ದು. ಅಂಥವನಿಗಾದರೆ ನಾನು ಮೊದಲ ದಿನವೇ ಹೇಳುತ್ತಿದ್ದೆ: "ರೀ ಸ್ವಾಮಿ, ನನ್ನ ಕೈಲಾಗ್ತಿಲ್ಲ, ದಾದೀನ ಕಳಿಸ್ರೀ, ಬೇಗ ಕಳಿಸ್ರೀ." ಅವನ ಹತ್ತಿರ ಜಗಳವಾಡಿಯಾದರೂ ಹೇಳುತ್ತಿದ್ದೆ. ನೀನು "ಹೇಗಿದ್ದೀರಿ" ಎಂದು ಅಷ್ಟು ಮೆತ್ತಗೆ ಕೇಳಿದರೆ ನಾನು ಏನು ಹೇಳಲಿ? ನಿನ್ನ ತಾಯಿ ಹೋದಾಗ ನೀನು ನನ್ನ ಹೆಗಲ ಮೇಲೆ ಮಲಗಿ, "ನೀನು ಗಟ್ಟಿ ಅಲ್ವಾ ಮಾವ?" ಎಂದು ಕೇಳಿದ್ದೆ. ಹೌದು ಎಂದಿದ್ದೆ. ಆಮೇಲೆ ನೀನು ಯಾವಾಗ ಕೇಳಿದರೂ ಬಾಯಿಗೆ ಅದೇ ಬರುತ್ತದೆ.

ರಾಟೆ ಬಿಚ್ಚಿ ಗುಜರಿಗೆ ಹಾಕಿದೆ. ಗೋಡೆಯ ಪ್ರಶಸ್ತಿ ಕೀಳಲು ಹೋದೆ, ಬರಲಿಲ್ಲ. ನಾನು ಅಂಟಿಸಿದರೆ ಹಾಗೆ. ಅರ್ಧ ಹರಿದು, 'ಸ್ವಾವಲಂಬಿ' ಎಂಬಷ್ಟು ಅಲ್ಲೇ ಉಳಿದಿದೆ. ಕ್ಷೌರದಂಗಡಿಯವನು ಒದ್ದೆ ಬಟ್ಟೆ ತಂದು ಉಜ್ಜುತ್ತೇನೆ ಎಂದಿದ್ದಾನೆ.

ನಿನ್ನೆ ಫೋನು ಬಂತು. ಸತ್ತವರ ವಿಷಯ ಬೇರೆ ಇಲಾಖೆಗೆ ಹೋಗುತ್ತದಂತೆ, ಅಲ್ಲಿಂದ ನಿಮ್ಮ ಇಲಾಖೆಗೆ ಇನ್ನೂ ಬಂದಿಲ್ಲವಂತೆ. ಎತ್ತಿದೆ. ನೀನೇ ಇರಬಹುದು ಎಂದು ಸ್ವಲ್ಪ ಹೊತ್ತು ಕಾದೆ. "ನಮಸ್ಕಾರ. ಇದು ಆರೈಕೆ ಇಲಾಖೆಯ ಯಂತ್ರದ ದನಿ" ಎಂದಿತು. ಖಾಲಿ ಮಂಚದ ಅಂಚಿನಲ್ಲಿ ಕೂತುಕೊಂಡೆ.

"ನಿಮ್ಮ ಮನೆಯವರು ಇವತ್ತು ಎದ್ದು ಕೂತರಾ?"

"ಇಲ್ಲಮ್ಮ."

"ಊಟ ಮಾಡಿದರಾ?"

"ಇಲ್ಲ."

"ಅವರನ್ನು ನೀವೊಬ್ಬರೇ ನೋಡಿಕೊಳ್ಳಬಲ್ಲಿರಾ?"

"ಇಲ್ಲ. ಆಗಲಿಲ್ಲ."

"ಧನ್ಯವಾದ" ಎಂದಿತು. ಈ ಸಲ ಇಡಲಿಲ್ಲ, ಹಿಡಿದುಕೊಂಡೇ ಇದ್ದೆ. ಆಗ ಕೇಳಿಸಿತು ನೀನು ಹೇಳಿದ ಆ ಕೊನೆಯ ವಾಕ್ಯ. ಎಷ್ಟು ಚೆನ್ನಾಗಿ ಓದಿದ್ದೀಯ ಪಿಟೀಲು: "ಮನುಷ್ಯರ ಜೊತೆ ಮಾತಾಡಬೇಕಿದ್ದರೆ ಈಗ ಹೇಳಿ."

ಹೇಳಿದೆ.

ಆಚೆ ಗಂಟೆ ಬಡಿಯುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಸಭೆಯಲ್ಲಿ ಇದನ್ನೂ ಹೇಳು.

ನಿನ್ನ ಮಾವ